ಬಿಲ್ಲಿನ ನಡುಮರ

ಬಿಲ್ಲು ಎಂದೊಡನೆ ನಮ್ಮ ನೆನಪಿಗೆ ಬರುವುದು ಗಾಂಡೀವ, ಪಿನಾಕ, ಕೋದಂಡ, ಶಾರ್ಙ್ಗ ಮೊದಲಾದ ಹೆಸರುಗಳು. ಯಾವ ಬಿಲ್ಲನ್ನು ಯಾರು ಎತ್ತಿದರು, ಯಾರು ಮುರಿದರು, ಯಾರು ಹೆದೆಯೇರಿಸಲಾರದೆ ತುಂಬಿದ ಸಭೆಯಲ್ಲಿ ನಗೆಗೀಡಾದರು ಎಂಬುದನ್ನೆಲ್ಲ ನಾವು ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಗಮಕದಲ್ಲಿ ಕೇಳುತ್ತಲೇ ಬೆಳೆದಿದ್ದೇವೆ. ಆದರೆ ಬಿಲ್ಲನ್ನು ಮಾಡಿದವನು ಯಾವ ಮರವನ್ನು ಆರಿಸಿದ, ಏಕೆ ಅದನ್ನೇ ಆರಿಸಿದ ಎಂದು ಕೇಳುವವರು ವಿರಳ. ಬಾಣ ಬಿಟ್ಟವನ ಹೆಸರು ಉಳಿಯಿತು, ಬಿಲ್ಲು ಮಾಡಿದವನ ಹೆಸರು ಉಳಿಯಲಿಲ್ಲ. ಹೆಸರಿನೊಡನೆ ಅವನ ವಿದ್ಯೆಯ ಬಹುಭಾಗವೂ ಹೋಯಿತು.

ಇತಿಹಾಸದ ತರಗತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ವಿಷಯವನ್ನು ನಾವೆಲ್ಲ ಓದುತ್ತೇವೆ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥ ಮತ್ತೆ ಲೋಕಕ್ಕೆ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅದರಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ವಸ್ತುಗಳಿಂದ ಬಿಲ್ಲನ್ನು ಮಾಡುತ್ತಿದ್ದರೆಂದು ಅಲ್ಲಿಂದ ತಿಳಿಯುತ್ತದೆ. ಕೊಂಬಿನ ಬಿಲ್ಲೇ ಶಾರ್ಙ್ಗ. ಶೃಂಗದಿಂದ ಆದದ್ದು ಎಂದು ಅರ್ಥ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ಸಿಂಗಾಡಿ ಎಂಬ ಮಾತಿನಲ್ಲಿಯೂ ಇದೇ ಕೊಂಬು ಅಡಗಿದೆ.

ಆದರೆ ಹೆಸರು ಕೊಂಬಿನದಾದರೂ ಇಂತಹ ಬಿಲ್ಲು ಸಾಮಾನ್ಯವಾಗಿ ಬರಿಯ ಕೊಂಬಿನದಲ್ಲ. ಮೊಗಲರ ಕಾಲದ ಭಾರತೀಯ ಬಿಲ್ಲಿರಲಿ, ತುರ್ಕಿಯ ಬಿಲ್ಲಿರಲಿ, ಅದರ ಒಂದು ಮೈಗೆ ಕೊಂಬು, ಇನ್ನೊಂದು ಮೈಗೆ ಪ್ರಾಣಿಯ ಸ್ನಾಯುವಿನ ನಾರು. ಇವೆರಡರ ನಡುವೆ, ಹೊರಗೆ ಎಲ್ಲಿಯೂ ಕಾಣದಂತೆ, ತೆಳುವಾದ ಒಂದು ಮರದ ಪಟ್ಟಿ. ಬಿಲ್ಲಿಗೆ ಹೆಸರು ಕೊಟ್ಟದ್ದು ಕೊಂಬು. ಕೊಂಬನ್ನೂ ಸ್ನಾಯುವನ್ನೂ ಒಂದಾಗಿ ಹಿಡಿದದ್ದು ಮರ. ಈ ಮರ ಯಾವುದೆಂದು ಅರ್ಥಶಾಸ್ತ್ರ ಹೇಳುವುದಿಲ್ಲ.

ಪ್ರಸ್ತುತ ಲೇಖನದ ವಿಷಯ ಆ ಪಟ್ಟಿಯೇ. ಅದನ್ನು ನಾನು ನಡುಮರ ಎಂದು ಕರೆದಿದ್ದೇನೆ. ತಿರುಳು ಎನ್ನಬಹುದಿತ್ತು, ಆದರೆ ಮರಕ್ಕೇ ಒಂದು ತಿರುಳಿರುವುದರಿಂದ ಗೊಂದಲಕ್ಕೆ ಎಡೆಯಾದೀತು. ಭೌತಶಾಸ್ತ್ರ ಬಲ್ಲವರಿಗೆ ಇಲ್ಲಿಯ ಲೆಕ್ಕಗಳು ಬಾಲಬೋಧೆಯಂತೆ ತೋರಬಹುದು. ನನ್ನಂತೆ ಕಲಾವಿಭಾಗದಲ್ಲಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ತೋಳು ಬಾಗಿದಾಗ ನಡೆಯುವುದೇನು?

ಮೊದಲು ಕೆಲವು ಮಾತುಗಳ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಬಿಲ್ಲುಗಾರ ಕೈಯಲ್ಲಿ ಹಿಡಿಯುವ ಭಾಗ ಹಿಡಿ. ಹಿಡಿಯಿಂದ ಮೇಲಕ್ಕೂ ಕೆಳಕ್ಕೂ ಚಾಚಿಕೊಂಡು ಬಾಗುವ ಭಾಗಗಳು ಎರಡು ತೋಳುಗಳು. ಹೆದೆಯನ್ನು ಸಿಕ್ಕಿಸುವ ತುದಿ ಕೊಪ್ಪು. ಬಿಲ್ಲುಗಾರನ ಕಡೆಗಿರುವ ಮೈ ಒಳಮೈ; ಗುರಿಯ ಕಡೆಗಿರುವುದು ಹೊರಮೈ.

ಹೆದೆಯನ್ನು ಎಳೆದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಇವೆರಡರ ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ಪದರವೊಂದು ಇರಲೇಬೇಕು. ಅದನ್ನು ತಟಸ್ಥ ಪದರ ಎನ್ನುತ್ತಾರೆ. ನಡುಮರ ಇರುವುದು ಇದರ ಆಚೀಚೆ. ಮೇಲ್ನೋಟಕ್ಕೆ, ದುಡಿಮೆಯೆಲ್ಲ ಎರಡು ಮೈಗಳದು, ನಡುವಿನದು ಬರಿಯ ವಿಶ್ರಾಂತಿ ಎನಿಸುತ್ತದೆ. ಲೆಕ್ಕವೂ ಒಂದು ಮಟ್ಟಿಗೆ ಹಾಗೆಯೇ ಹೇಳುತ್ತದೆ. ಬಾಗುವಿಕೆಯನ್ನು ತಡೆಯುವ ಗುಣಕ್ಕೆ ಬಿಗುಪು ಎನ್ನೋಣ. ಪಟ್ಟಿಯ ಬಿಗುಪು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಇಮ್ಮಡಿಯಾದರೆ ಬಿಗುಪು 8 ಮಡಿಯಾಗುತ್ತದೆ. ಆದುದರಿಂದ ಒಂದೇ ಮರದಿಂದ ಮಾಡಿದ ತೋಳಿನಲ್ಲಿ ನಡುವಿನ ಅರ್ಧ ದಪ್ಪ ಕೊಡುವ ಬಿಗುಪು ಒಟ್ಟಿನಲ್ಲಿ ಎಂಟನೆಯ ಒಂದು ಪಾಲು ಮಾತ್ರ. ಈಗಿನ ಪದರದ ಬಿಲ್ಲುಗಳಲ್ಲಿ ಎರಡು ಮೈಗಳಿಗೂ ಫೈಬರ್‌ಗ್ಲಾಸ್ ಪಟ್ಟಿಯನ್ನು ಅಂಟಿಸುತ್ತಾರೆ. ಅದರ ಬಿಗುಪು ಮರದ ಬಿಗುಪಿಗೆ ಸುಮಾರು ಮೂರು ಪಟ್ಟು. ಅಂತಹ ತೋಳಿನಲ್ಲಿ ದಪ್ಪದ ಮುಕ್ಕಾಲು ಪಾಲು ನಡುಮರವೇ ಆಗಿದ್ದರೂ ಬಿಗುಪಿನಲ್ಲಿ ಅದರ ಪಾಲು ಐದರಲ್ಲಿ ಒಂದು.

ಹಾಗಾದರೆ ನಡುವೆ ಯಾವ ಮರವಿದ್ದರೂ ಆದೀತೆ? ಈ ಪ್ರಶ್ನೆಗೆ ಉತ್ತರ ಬೇಕಾದವರು ದಪ್ಪ ಪುಸ್ತಕವೊಂದನ್ನು ಎರಡು ಕೈಗಳಲ್ಲಿ ಹಿಡಿದು ಬಾಗಿಸಿ ನೋಡಬೇಕು. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ನೆಟ್ಟಗಿದ್ದ ಅಂಚು ಓರೆಯಾಗುತ್ತದೆ. ಪುಸ್ತಕ ಸುಲಭವಾಗಿ ಬಾಗುವುದು ಹಾಳೆಗಳು ಹೀಗೆ ಜಾರುವುದರಿಂದಲೇ. ಅವನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟರೆ ಅದೇ ಪುಸ್ತಕ ಹಲಗೆಯಂತಾಗುತ್ತದೆ. ಜಾರಿಸುವ ಒತ್ತಡ ಆಗಲೂ ಇದ್ದೇ ಇರುತ್ತದೆ; ಅಂಟು ಅದನ್ನು ತಡೆದು ನಿಂತಿರುತ್ತದೆ, ಅಷ್ಟೆ. ಒಂದೇ ಅಳತೆಯ ಎರಡು ಮರದ ಅಡಿಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಾಗಿಸಿದರೆ ಅವುಗಳ ಬಿಗುಪು ಒಂದರ ಎರಡರಷ್ಟು. ಅವನ್ನೇ ಅಂಟಿಸಿ ಬಾಗಿಸಿದರೆ ಎಂಟರಷ್ಟು. ಮರ ಒಂದು ಚೂರೂ ಹೆಚ್ಚಲಿಲ್ಲ. ಜಾರುವುದು ನಿಂತಿತು, ಬಿಗುಪು ನಾಲ್ಕು ಪಟ್ಟಾಯಿತು.

ಈ ಜಾರಿಕೆಯ ಒತ್ತಡ ಹೊರಮೈಯಲ್ಲಿಯೂ ಒಳಮೈಯಲ್ಲಿಯೂ ಸೊನ್ನೆ. ತಟಸ್ಥ ಪದರದಲ್ಲಿ ಅತ್ಯಧಿಕ. ಚೌಕಾಕಾರದ ಅಡ್ಡಸೀಳಿಕೆಯುಳ್ಳ ತೋಳಿನಲ್ಲಿ ಅಲ್ಲಿ ಅದು ಸರಾಸರಿಯ ಒಂದೂವರೆ ಪಟ್ಟು ಇರುತ್ತದೆ. ಹಿಗ್ಗು ಕುಗ್ಗುಗಳು ಎಲ್ಲಿ ಇಲ್ಲವಾಗುತ್ತವೆಯೋ ಅಲ್ಲಿಯೇ ಜಾರಿಕೆ ತುತ್ತತುದಿಗೇರುತ್ತದೆ. ಆದುದರಿಂದ ನಡುಮರ ವಿಶ್ರಾಂತಿಯಲ್ಲಿಲ್ಲ. ಅದರ ಕೆಲಸ ಎರಡು: ಒಳಮೈ ಹೊರಮೈಗಳನ್ನು ದೂರ ದೂರ ಇರಿಸುವುದು, ದೂರವಿರಿಸಿಯೂ ಒಂದರ ಮೇಲೊಂದು ಜಾರದಂತೆ ಹಿಡಿಯುವುದು. ಈ ಎರಡು ಕೆಲಸಗಳನ್ನು ಮುಂದಿಟ್ಟುಕೊಂಡು ಮರವನ್ನು ಆರಿಸಬೇಕು. ಬಲವಾದ ಬಿಲ್ಲಿಗೆ ಬಲವಾದ ಮರ ಎಂಬ ಲೋಕರೂಢಿಯ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ.

ಬಲವಾದ ಮರವೇ ಒಳ್ಳೆಯ ನಡುಮರವೆ?

ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪಿತವಾದ ಮರಗಳ ಸಂಶೋಧನಾಲಯವೊಂದಿದೆ. ಅವರು ನೂರಾರು ಜಾತಿಯ ಮರಗಳನ್ನು ಬಾಗಿಸಿ, ಮುರಿದು, ಜಾರಿಸಿ ಅಳೆದು ಅಂಕಿಗಳನ್ನು ಪ್ರಕಟಿಸಿದ್ದಾರೆ. ಅದರಲ್ಲಿ ಎರಡು ಮರಗಳನ್ನು ಹೋಲಿಸಿ ನೋಡೋಣ. ಒಂದು ಹಿಕರಿ, ಕೊಡಲಿಯ ಕಾವಿಗೆ ಇದಕ್ಕಿಂತ ಒಳ್ಳೆಯದಿಲ್ಲವೆಂದು ಆ ದೇಶದವರ ನಂಬಿಕೆ. ಇನ್ನೊಂದು ಗಟ್ಟಿ ಮೇಪಲ್. ಇದರ ರಸದಿಂದ ಅಲ್ಲಿ ಪಾಕ ಕಾಯಿಸುತ್ತಾರೆ.

ಒಣಗಿದ ಹಿಕರಿಯನ್ನು ಬಾಗಿಸಿ ಮುರಿಯಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1,420 ಕಿಲೋಗ್ರಾಂ ಬೇಕು. ಮೇಪಲ್‌ಗೆ ಸುಮಾರು 1,110 ಸಾಕು. ಎಂದರೆ ಬಾಗುವ ಬಲದಲ್ಲಿ ಹಿಕರಿ ಶೇಕಡ 28ರಷ್ಟು ಮೇಲು. ಆದರೆ ಜಾರಿಕೆಯನ್ನು ತಡೆಯುವ ಬಲ ಹಿಕರಿಗೆ 171, ಮೇಪಲ್‌ಗೆ 164. ಇಲ್ಲಿ ಹಿಕರಿಯ ಮೇಲುಗೈ ಶೇಕಡ 4 ಮಾತ್ರ. ಇನ್ನು ತೂಕ: ನೀರನ್ನು 1 ಎಂದಿಟ್ಟುಕೊಂಡರೆ ಹಿಕರಿ 0.72, ಮೇಪಲ್ 0.63, ಹಿಕರಿ ಶೇಕಡ 14ರಷ್ಟು ಭಾರ. ನಡುಮರಕ್ಕೆ ಬಾಗುವ ಬಲದ ಹೆಚ್ಚಳದಿಂದ ಆಗುವ ಲಾಭ ಅಲ್ಪ. ಭಾರದ ನಷ್ಟ ಮಾತ್ರ ಪೂರ್ತಿ ಅದರ ತಲೆಯ ಮೇಲೆ. ಕೊಡಲಿಯ ಕಾವಿಗೆ ಹಿಕರಿ ಸರಿ, ಬಿಲ್ಲಿನ ನಡುವಿಗೆ ಮೇಪಲ್ ಸರಿ ಎಂಬುದು ಈ ಅಂಕಿಗಳಿಂದ ವ್ಯಕ್ತವಾಗುತ್ತದೆ. ಕೈಯಿಂದ ಬಿಲ್ಲು ಮಾಡುವವರಲ್ಲಿ ಬಹುಮಂದಿ ಇಂದಿಗೂ ಮೇಪಲ್ಲನ್ನೇ ಹುಡುಕುವುದಕ್ಕೆ ಕಾರಣ ಇದೇ.

ಹಗುರವೇ ಬೇಕಾದರೆ ಇನ್ನೂ ಹಗುರವಾದ ಮರವನ್ನು ಏಕೆ ತೆಗೆದುಕೊಳ್ಳಬಾರದು ಎಂದು ಕೇಳಬಹುದು. ವಿಮಾನಗಳಿಗೆ ಬಳಸುತ್ತಿದ್ದ ಸ್ಪ್ರೂಸ್ ಎಂಬ ಮರದ ತೂಕ 0.40; ಆದರೆ ಅದು ತಡೆಯುವ ಜಾರಿಕೆ 81 ಮಾತ್ರ. ತೂಕ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇಳಿಯಿತು, ಜಾರಿಕೆಯ ಬಲ ಅರ್ಧಕ್ಕೇ ಇಳಿಯಿತು. ಆದುದರಿಂದ ಭಾರವೂ ಅಲ್ಲದ, ಬೆಂಡಿನಂತೆ ಹಗುರವೂ ಅಲ್ಲದ ಮಧ್ಯಮ ತೂಕದ ಮರವೇ ಯೋಗ್ಯ.

ತೂಕದ ವಿಷಯದಲ್ಲಿ ಇಷ್ಟು ಜಿಪುಣತನವೇಕೆ? ಬಾಣವನ್ನು ಬಿಟ್ಟ ಗಳಿಗೆಯಲ್ಲಿ ಬಿಲ್ಲು ಎಸೆಯುವುದು ಬಾಣವೊಂದನ್ನೇ ಅಲ್ಲ, ತನ್ನ ತೋಳುಗಳನ್ನೂ ಎಸೆಯುತ್ತದೆ. ತೋಳಿಗೆ ಹೋದ ಶಕ್ತಿಯ ಬಹುಪಾಲು ಬಾಣಕ್ಕೆ ದಕ್ಕುವುದಿಲ್ಲ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ, ಕೊಪ್ಪಿನ ಅರ್ಧ ವೇಗದಲ್ಲಿ ಚಲಿಸುವ ಜಾಗದಲ್ಲಿರುವ 1 ಗ್ರಾಂ ಮರ ಎಷ್ಟು ಶಕ್ತಿಯನ್ನು ನುಂಗುತ್ತದೆಯೋ ಅದರ ನಾಲ್ಕರಷ್ಟನ್ನು ಕೊಪ್ಪಿನಲ್ಲಿರುವ 1 ಗ್ರಾಂ ನುಂಗುತ್ತದೆ. ಕ್ಲೇರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಎಂಬ ಅಮೆರಿಕದ ಭೌತವಿಜ್ಞಾನಿಗಳು ಬಿಲ್ಲನ್ನು ಪ್ರಯೋಗಶಾಲೆಯ ದೃಷ್ಟಿಯಿಂದ ಪರಿಶೀಲಿಸಿದವರಲ್ಲಿ ಮೊದಲಿಗರು. 1947ರಲ್ಲಿ ಅವರ ಲೇಖನಗಳು ಪುಸ್ತಕವಾಗಿ ಬಂದವು. ತೋಳಿನ ತುದಿಯನ್ನು ಹಗುರಾಗಿಡಬೇಕೆಂಬುದು ಅಂದಿನಿಂದ ಬಿಲ್ಲು ಮಾಡುವವರಿಗೆಲ್ಲ ಪಾಠವಾಯಿತು.

ದೇಶದೇಶಗಳ ಅನುಭವ

ಅಂಕಿಗಳು ಬಂದದ್ದು ಇತ್ತೀಚೆಗೆ. ಆದರೆ ಅವು ಹೇಳುವುದನ್ನು ಬಿಲ್ಲುಗಾರ ಜನಾಂಗಗಳು ಎಂದೋ ಕಂಡುಕೊಂಡಿದ್ದುವು.

ತುರ್ಕಿಯವರ ಬಿಲ್ಲಿನ ನಡುಮರವೂ ಮೇಪಲ್ ಜಾತಿಯದೇ. ಸುಲ್ತಾನ ಎರಡನೆಯ ಮಹಮೂದನ ಆಶ್ರಯದಲ್ಲಿದ್ದ ಮುಸ್ತಫಾ ಕಾನಿ ಎಂಬಾತ ಬಿಲ್ವಿದ್ಯೆಯ ಮೇಲೆ ಬರೆದ ಗ್ರಂಥ 1847ರಲ್ಲಿ ಅಚ್ಚಾಯಿತು. ನಡುಮರವನ್ನು ಅವರು ಒಂದೇ ತುಂಡಿನಿಂದ ಮಾಡುತ್ತಿರಲಿಲ್ಲ. ಹಿಡಿಗೊಂದು, ತೋಳುಗಳಿಗೆ ಎರಡು, ತುದಿಗಳಿಗೆ ಎರಡು, ಹೀಗೆ ಐದು ತುಂಡುಗಳನ್ನು ಮೀನಿನ ಬಾಲದಂತಹ ಕಚ್ಚುಗಳಿಂದ ಜೋಡಿಸುತ್ತಿದ್ದರು. ಅನಂತರ ಮರಕ್ಕೂ ಕೊಂಬಿಗೂ ಹಲ್ಲುಳ್ಳ ಉಳಿಯಿಂದ ಉದ್ದುದ್ದನೆ ಗೀರುಗಳನ್ನೆಳೆದು, ಗೀರಿಗೆ ಗೀರು ಕೂಡುವಂತೆ ಅಂಟಿಸುತ್ತಿದ್ದರು. ಗೀರಿನಿಂದ ಅಂಟು ಹಿಡಿಯುವ ಮೈ ಹೆಚ್ಚುತ್ತದೆ; ಜಾರುವುದು ಕಡಿಮೆಯಾಗುತ್ತದೆ. ಇಸ್ತಾಂಬುಲಿನ ಬಿಲ್ಮೈದಾನದಲ್ಲಿ ಬಾಣ ಬಿದ್ದ ಜಾಗಗಳಿಗೆ ನೆಟ್ಟ ಕಲ್ಲುಗಳು ಈಗಲೂ ಇವೆ. 800 ಮೀಟರನ್ನು ಮೀರಿದ ದೂರಗಳು ಅವರ ದಾಖಲೆಗಳಲ್ಲಿ ಸೇರಿವೆ. ಅಷ್ಟು ದೂರ ಬಾಣವನ್ನು ಕಳುಹಿದ ಬಿಲ್ಲಿನ ಒಡಲಲ್ಲಿದ್ದುದು ಅಂತಹ ತೆಳುವಾದ ಮೇಪಲ್ ಪಟ್ಟಿ.

ಕೊರಿಯಾದ ಕೊಂಬಿನ ಬಿಲ್ಲು ಇನ್ನೂ ಬೋಧಪ್ರದವಾದುದು. ಅದರಲ್ಲಿ ಮೂರು ಬಗೆಯ ಮರಗಳು ಸೇರಿವೆ: ಬಾಗುವ ತೋಳಿಗೆ ಬಿದಿರು, ಬಾಗದ ಹಿಡಿಗೆ ಓಕ್, ಸೆಟೆದು ನಿಲ್ಲುವ ತುದಿಗಳಿಗೆ ಹಿಪ್ಪುನೇರಳೆ. ಮೂರನ್ನೂ ಬೆಸೆಯುವುದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು. ಯಾವ ಮರ ಶ್ರೇಷ್ಠ ಎಂದು ಅವರು ಕೇಳಲಿಲ್ಲ. ಯಾವ ಜಾಗಕ್ಕೆ ಯಾವುದು ಎಂದು ಕೇಳಿದರು. ಈ ಬಿಲ್ಲು ಬಾಣ ಮಾಡುವ ಕಸುಬನ್ನು ಕೊರಿಯಾ ಸರ್ಕಾರ 1971ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಘೋಷಿಸಿ, ಕಸುಬುದಾರರಿಗೆ ಗೌರವವನ್ನಿತ್ತಿತು. ತುರ್ಕಿಯ ಬಿಲ್ವಿದ್ಯೆಯೂ 2019ರಲ್ಲಿ ಯುನೆಸ್ಕೊ ಪಟ್ಟಿಯನ್ನು ಸೇರಿದೆ.

ಜಪಾನಿನ ಬಿಲ್ಲು ಆಳಿಗಿಂತ ಎತ್ತರ. ಸಾಮಾನ್ಯ ಅಳತೆ ಸುಮಾರು 221 ಸೆಂಟಿಮೀಟರು. ಅದರ ಒಳಮೈ ಹೊರಮೈ ಎರಡೂ ಬಿದಿರು. ನಡುವೆ ಬೆಂಕಿಯಲ್ಲಿ ಹದವಾಗಿ ಕಾಯಿಸಿದ ಬಿದಿರಿನ ಸಣ್ಣ ಕಡ್ಡಿಗಳನ್ನು ಒತ್ತಾಗಿ ನಿಲ್ಲಿಸಿ, ಅವುಗಳ ಎರಡು ಪಕ್ಕಗಳಿಗೆ ಮೇಣದ ಮರವೆಂಬ ಒಂದು ಜಾತಿಯ ಮರವನ್ನು ಕೂಡಿಸುತ್ತಾರೆ. ಅಂಟು ಬಳಿದ ಮೇಲೆ ಹಗ್ಗ ಸುತ್ತಿ, ಹಗ್ಗದೊಳಕ್ಕೆ ಬಿದಿರಿನ ಬೆಣೆಗಳನ್ನು ಒಂದೊಂದಾಗಿ ಹೊಡೆದು ಬಿಲ್ಲಿಗೆ ಬಾಗು ತರುತ್ತಾರೆ. ದಕ್ಷಿಣ ಜಪಾನಿನ ಮಿಯಾಕೊನೊಜೊ ಎಂಬ ಊರು ಈ ಕಸುಬಿಗೆ ಇಂದಿಗೂ ಹೆಸರಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕೊಂಬು ಸ್ನಾಯುಗಳ ಸ್ಥಾನಕ್ಕೆ ಫೈಬರ್‌ಗ್ಲಾಸ್ ಬಂದಿತು. ಮೈ ಬದಲಾಯಿತು, ನಡುಮರ ಉಳಿಯಿತು. ಪಂದ್ಯಗಳಿಗಾಗಿ ಕಾರ್ಖಾನೆಗಳಲ್ಲಿ ಮಾಡುವ ಬೆಲೆಬಾಳುವ ಬಿಲ್ಲುಗಳಲ್ಲಿ ಈಗ ಕೃತಕ ನೊರೆಯ ನಡುಪಟ್ಟಿಗಳೂ ಬಂದಿವೆ. ಆದರೆ ಕೈಯಿಂದ ಬಿಲ್ಲು ಮಾಡುವವನಿಗೆ ಇಂದಿಗೂ ಮರ, ಬಿದಿರುಗಳೇ ಗತಿ.

ಮರವನ್ನು ಆರಿಸುವ ಬಗೆ

ಜಾತಿಯನ್ನು ಗೊತ್ತುಮಾಡಿಕೊಂಡ ಮಾತ್ರಕ್ಕೆ ಆಯ್ಕೆ ಮುಗಿಯುವುದಿಲ್ಲ. ಆ ಜಾತಿಯ ನೂರು ಹಲಗೆಗಳಲ್ಲಿ ಬಿಲ್ಲಿಗೆ ಒದಗುವುವು ಕೆಲವೇ.

ಎಲ್ಲಕ್ಕೂ ಮೊದಲು ನೋಡಬೇಕಾದುದು ಎಳೆಯ ಓಟ. ಮರವೆಂದರೆ ಉದ್ದುದ್ದನೆಯ ನಾರುಗಳ ಕಟ್ಟು. ನಾರುಗಳು ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದರ ಜೊತೆಯಲ್ಲಿಯೇ ಓಡಬೇಕು. ಗರಗಸಕ್ಕೆ ಎಳೆಯ ಪರಿವೆಯಿಲ್ಲ. ಅದು ನೆಟ್ಟಗೆ ಕೊಯ್ಯುತ್ತದೆ, ಎಳೆ ಓರೆಯಾಗಿ ಹೊರಬಿದ್ದು ತುಂಡಾಗುತ್ತದೆ. ಮೇಲೆ ಹೇಳಿದ ಸಂಶೋಧನಾಲಯದ ಅಳತೆಯಂತೆ, 20 ಅಂಗುಲ ಉದ್ದಕ್ಕೆ ಎಳೆ 1 ಅಂಗುಲ ಓರೆಯಾದರೆ ಬಾಗುವ ಬಲದಲ್ಲಿ ಶೇಕಡ 93 ಉಳಿಯುತ್ತದೆ. 10 ಅಂಗುಲಕ್ಕೆ 1 ಆದರೆ 81. 5ಕ್ಕೆ 1 ಆದರೆ 55 ಮಾತ್ರ. ಕಣ್ಣಿಗೆ ಕಾಣುವ ಬಣ್ಣದ ಗೆರೆಗಳನ್ನು ಪೂರ್ತಿ ನಂಬಬಾರದು. ಅವು ವಾರ್ಷಿಕ ಬಳೆಗಳ ಗುರುತಾಗಿರಬಹುದು, ನಾರಿನ ದಿಕ್ಕು ಬೇರೆಯಿರಬಹುದು. ಇದಕ್ಕೆ ಸುಲಭವಾದ ಪರೀಕ್ಷೆ ಮಸಿಯದು. ನುಣುಪಾಗಿ ಕೀಸಿದ ಮೈಯ ಮೇಲೆ ಲೇಖನಿಯಿಂದ ಒಂದು ತೊಟ್ಟು ಮಸಿಯನ್ನು ಬಿಟ್ಟರೆ ಅದು ನಾರಿನ ಗುಂಟ ಹರಡಿ ದಿಕ್ಕನ್ನು ತೋರಿಸುತ್ತದೆ. ಇದಕ್ಕಿಂತ ಹಳೆಯದು ಸೀಳುವ ಪರೀಕ್ಷೆ. ಹಲಗೆಯ ತುದಿಯಿಂದ ಒಂದು ತುಣುಕನ್ನು ಸೀಳಿದರೆ ಸೀಳು ಎಳೆಯನ್ನೇ ಹಿಂಬಾಲಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ನಮ್ಮ ತಂದೆಯವರು ಬಡಗಿ ಕೆಲಸದವರು, ಶಾಲೆಗೆ ಹೋದವರಲ್ಲ. ಗುದ್ದಲಿಗೆ ಕಾವು, ನೇಗಿಲಿಗೆ ಈಸು, ಗಾಡಿಗೆ ಮೂಕಿ ಮಾಡುವಾಗ ಅವರು ಮೊದಲು ತುದಿಯನ್ನು ಸೀಳಿ ನೋಡುತ್ತಾರೆ. ಅನಂತರ ತುಂಡನ್ನು ಎರಡು ಬೆರಳುಗಳಲ್ಲಿ ತೂಗುಹಾಕಿ ಬಡಿದು ನಾದವನ್ನು ಕೇಳುತ್ತಾರೆ. ಸೀಳು ಪಕ್ಕಕ್ಕೆ ಹರಿದರೆ, ‘ಎಳೆ ಹೊರಗೆ ಬಿತ್ತು’ ಎಂದು ಅದನ್ನು ಸೌದೆಗೆ ಎಸೆಯುತ್ತಾರೆ. ಎಷ್ಟು ಅಂಗುಲಕ್ಕೆ ಎಷ್ಟು ಓರೆಯಾದರೆ ಎಸೆಯಬೇಕೆಂದು ಅವರನ್ನು ಕೇಳಿದೆ. ಮೊಳಕ್ಕೆ ಒಂದು ಬೆರಳಿನ ಅಗಲ ಹೋದರೂ ಕೂಡದು ಎಂದರು. ಮೊಳವೆಂದರೆ ಸುಮಾರು 18 ಅಂಗುಲ, ಬೆರಳೆಂದರೆ ಮುಕ್ಕಾಲು ಅಂಗುಲ; ಲೆಕ್ಕ ಹಾಕಿದರೆ 24ಕ್ಕೆ 1 ಆಗುತ್ತದೆ. ಬಹುಬಗೆಯ ಯಂತ್ರಗಳಿಂದ ಅಳೆದು ಮ್ಯಾಡಿಸನ್ನಿನವರು ಮುಟ್ಟಿದ ಜಾಗಕ್ಕೆ ಅವರು ಕೈಯಿಂದಲೇ ಮುಟ್ಟಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿದ ಮೇಲೆ ಮನೆಯ ವಿದ್ಯೆ ಚಿಕ್ಕದಾಗಿ ಕಾಣಬೇಕಾದ್ದಿಲ್ಲವೆಂದು ಈ ಲೆಕ್ಕ ನನಗೆ ತಿಳಿಸಿತು.

ಎರಡನೆಯದು ಗಂಟು. ಗಂಟಿನ ಸುತ್ತ ಎಳೆ ಸುಳಿಯಾಗಿ ತಿರುಗುತ್ತದೆ. ಮೇಜಿನ ಹಲಗೆಯಲ್ಲಿ ಅದು ಅಲಂಕಾರವಾದೀತು. ಬಿಲ್ಲಿನಲ್ಲಿ ಗುಂಡುಸೂಜಿಯ ತಲೆಯಷ್ಟಿದ್ದರೂ ಅಪಾಯ. ಹೆದೆಯನ್ನು ಪೂರ್ತಿ ಎಳೆದಾಗ ತೋಳು ಬಿಲ್ಲುಗಾರನ ಮುಖಕ್ಕೆ ದೂರವಿರುವುದಿಲ್ಲ. ಹೊರಗೆ ಕಾಣದ ನಡುಮರದ ದೋಷ ಬಯಲಾಗುವುದು ಆ ಗಳಿಗೆಯಲ್ಲಿ, ಅವನ ಕಣ್ಣು ಕೆನ್ನೆಗಳ ಸಮೀಪದಲ್ಲಿ. ಮರವನ್ನು ಆರಿಸುವವನ ಹೊಣೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಮೂರನೆಯದು ಒಣಗು. ಹಸಿಮರ ಬಾಗಿದಲ್ಲಿಯೇ ನಿಲ್ಲುತ್ತದೆ, ಅಂಟನ್ನೂ ಹಿಡಿಯುವುದಿಲ್ಲ. ತೀರ ಒಣಗಿಸಿದರೆ ಪೆಡಸಾಗುತ್ತದೆ. ಪಟ್ಟಿಯನ್ನು ನೆರಳಿನಲ್ಲಿ ಗಾಳಿಯಾಡುವಂತೆ ಇಟ್ಟು ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತಾಗ ಅದು ಅಲ್ಲಿಯ ಹವೆಗೆ ಹೊಂದಿಕೊಂಡಿತೆಂದು ತಿಳಿಯಬೇಕು.

ನಾಲ್ಕನೆಯದು ಜೋಡಿ. ಎರಡು ತೋಳುಗಳೂ ಒಂದೇ ಸಮನಾಗಿ ಬಾಗಬೇಕಾದರೆ ಎರಡರ ನಡುಮರವೂ ಒಂದೇ ಹಲಗೆಯ ಅಕ್ಕಪಕ್ಕದ ಪಟ್ಟಿಗಳಾಗಿರಬೇಕು. ಬುಡದ ಕಡೆಯ ಮರ ತುದಿಯ ಕಡೆಯದಕ್ಕಿಂತ ಭಾರವಿರುವುದುಂಟು. ಆದುದರಿಂದ ಬುಡಕ್ಕೆ ಬುಡವನ್ನೇ ಹಿಡಿಯಲ್ಲಿ ಕೂಡಿಸುತ್ತಾರೆ.

ಐದನೆಯದು ಕೀಸುವ ಅಳತೆ. ಹಿಡಿಯಿಂದ ಕೊಪ್ಪಿನ ಕಡೆಗೆ ನಡುಮರ ತೆಳುವಾಗುತ್ತ ಹೋಗಬೇಕು. 1,000 ಮಿಲಿಮೀಟರು ಉದ್ದಕ್ಕೆ 2 ಮಿಲಿಮೀಟರು ಇಳಿಸುವುದು ಸಾಮಾನ್ಯವಾದ ಪ್ರಮಾಣ. ಇಲ್ಲಿ ಕೈತಪ್ಪಿಗೆ ಎಡೆಯಿಲ್ಲ. 8 ಮಿಲಿಮೀಟರು ದಪ್ಪದ ತೋಳಿನಲ್ಲಿ ಒಂದು ಹಾಳೆ ಕಾಗದದ ದಪ್ಪದಷ್ಟು, ಎಂದರೆ 0.1 ಮಿಲಿಮೀಟರು, ಹೆಚ್ಚು ಕಡಿಮೆಯಾದರೆ ಘನದ ನಿಯಮದಂತೆ ಬಿಗುಪಿನಲ್ಲಿ ಶೇಕಡ 4ರ ಸಮೀಪ ವ್ಯತ್ಯಾಸವಾಗುತ್ತದೆ. 40 ಪೌಂಡಿನ ಬಿಲ್ಲಿನಲ್ಲಿ ಅದು ಒಂದೂವರೆ ಪೌಂಡು.

ಕೊನೆಯದು ಅಂಟು. ಮರದಲ್ಲಿ ಎಣ್ಣೆಯಂಶ ಹೆಚ್ಚಿದ್ದರೆ ಸರೇಸಾಗಲಿ, ಈಗಿನ ರಾಸಾಯನಿಕ ಅಂಟುಗಳಾಗಲಿ ಸರಿಯಾಗಿ ಕಚ್ಚುವುದಿಲ್ಲ. ಕೀಸಿದ ದಿನವೇ, ಮೈಗೆ ಕೈಜಿಡ್ಡು ತಾಕುವ ಮೊದಲೇ ಅಂಟಿಸಿಬಿಡಬೇಕು.

ನಮ್ಮ ಮರಗಳು

ಇಷ್ಟನ್ನೂ ಓದಿದ ಮೇಲೆ, ಮೇಪಲ್ ಬೆಳೆಯದ ನಮ್ಮ ನಾಡಿನಲ್ಲಿ ಈ ವಿಚಾರದಿಂದ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವುಂಟು. ನಮ್ಮ ದೇಶದ ಬಿಲ್ಗಾರಿಕೆಯ ಪಂದ್ಯಗಳಲ್ಲಿ ಭಾರತೀಯ ಸುತ್ತು ಎಂಬ ವಿಭಾಗವೊಂದಿದೆ. ಅಲ್ಲಿ ಬಳಸುವುದು ಬಿದಿರಿನ ಬಿಲ್ಲನ್ನು. ವಿದೇಶದ ಬಿಲ್ಲಿಗೆ ಹಣ ತೆರಲಾರದ ಹಳ್ಳಿಯ ಹುಡುಗ ಹುಡುಗಿಯರು ಈ ವಿದ್ಯೆಯ ಹೊಸ್ತಿಲನ್ನು ದಾಟುವುದು ಈ ಬಿದಿರಿನ ಬಿಲ್ಲಿನಿಂದಲೇ. ಇದೇ ಬಿದಿರನ್ನು ಪದರವಾಗಿ ಅಂಟಿಸಿ, ನಡುವೆ ತಕ್ಕ ಮರವನ್ನಿಟ್ಟು ಒಳ್ಳೆಯ ಅಭ್ಯಾಸದ ಬಿಲ್ಲನ್ನು ಮಾಡಲು ಸಾಧ್ಯವಿದೆ.

ಬಿದಿರಿನ ಗೋಡೆಯಲ್ಲಿ ನಾರು ಹೊರಮೈಯ ಕಡೆಗೆ ಒತ್ತಾಗಿಯೂ ಒಳಮೈಯ ಕಡೆಗೆ ವಿರಳವಾಗಿಯೂ ಇರುತ್ತದೆ. ಆದುದರಿಂದ ಹೊರ ಅರ್ಧವನ್ನು ಉಳಿಸಿ ಒಳ ಅರ್ಧವನ್ನು ಕೀಸಿ ತೆಗೆಯಬೇಕು. ನಮ್ಮಲ್ಲಿ ಕಿರುಬಿದಿರೆಂದು ಕರೆಯುವ ಗಟ್ಟಿಬಿದಿರಿಗೆ ಟೊಳ್ಳು ಕಡಿಮೆ, ಎಳೆ ನೇರ. ಬಲಿತ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದು ನೀರಿನಲ್ಲಿ ನೆನೆಹಾಕುವ ಪದ್ಧತಿ ಕುಟ್ಟೆ ಹಿಡಿಯದಿರಲೆಂದು ಬಂದದ್ದು. ಪದರ ಪದರವಾಗಿ ಜೋಡಿಸುವಾಗ ಗೆಣ್ಣಿನ ಮೇಲೆ ಗೆಣ್ಣು ಬಾರದಂತೆ ನೋಡಿಕೊಳ್ಳಬೇಕು.

ಮರಗಳಲ್ಲಿ ನನ್ನ ಗಮನವನ್ನು ಬಹಳವಾಗಿ ಸೆಳೆದದ್ದು ತಡಸಲು. ಪಶ್ಚಿಮಘಟ್ಟದ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಈ ಮರಕ್ಕೆ ಹಿಂದಿಯಲ್ಲಿ ಧಾಮನ್ ಎಂದು ಹೆಸರು. ಸಂಸ್ಕೃತದಲ್ಲಿ ಧನ್ವನ, ಧನುರ್ವೃಕ್ಷ. ಧನುಸ್ಸಿನ ಮರವೆಂದೇ ಹೆಸರಿದ್ದ ಮೇಲೆ ಬೇರೆ ಸಾಕ್ಷಿ ಬೇಡ. ಕೊಡಲಿಯ ಕಾವು, ಗಾಡಿಯ ಮೂಕಿ, ಹೊರೆ ಹೊರುವ ಅಡ್ಡೆ ಮುಂತಾದ, ಬಾಗಿಯೂ ಮುರಿಯದ ಕೆಲಸಗಳಿಗೆ ಅದು ಪ್ರಸಿದ್ಧ. ಆದರೆ ಎಚ್ಚರ: ಅಖಂಡ ಬಿಲ್ಲಿಗೆ ಹೊಂದುವ ಗುಣವೇ ನಡುಮರಕ್ಕೂ ಹೊಂದುತ್ತದೆಂದು ಹೇಳಲಾಗದು ಎಂಬುದನ್ನು ಹಿಕರಿಯ ದೃಷ್ಟಾಂತದಿಂದ ಕಂಡೆವು. ತಡಸಲನ್ನು ನಡುಮರವೆಂದು ಸ್ವೀಕರಿಸುವ ಮುನ್ನ ಅದರ ತೂಕವನ್ನೂ ಜಾರಿಕೆಯ ಬಲವನ್ನೂ ಒಟ್ಟಿಗೆ ನೋಡಬೇಕು.

ಹಿಪ್ಪುನೇರಳೆಯೂ ವಿಚಾರಯೋಗ್ಯ. ರಾಮನಗರ, ಕೋಲಾರಗಳ ಕಡೆ ರೇಷ್ಮೆಹುಳುವಿನ ಎಲೆಗಾಗಿ ಅದನ್ನು ಗಿಡವಾಗಿಯೇ ಕತ್ತರಿಸಿ ನಿಲ್ಲಿಸುತ್ತಾರೆ; ಮರವಾಗಲು ಬಿಟ್ಟರೆ ಅದರ ಕಾಂಡ ಹಾಕಿ ಕೋಲುಗಳಿಗೆ ಒದಗುವಷ್ಟು ಜಿಗುಟಾದುದು. ಇನ್ನು ತೇಗ. ಎಳೆ ನೇರ, ತೂಕ ಮಧ್ಯಮ, ಹವೆಗೆ ಹಿಗ್ಗುವುದು ಕುಗ್ಗುವುದು ಕಡಿಮೆ. ಆದರೆ ಅದರ ಎಣ್ಣೆ ಅಂಟಿಗೆ ವೈರಿ. ಬೀಟೆ ಚೆಲುವಾದರೂ ನಡುಮರಕ್ಕೆ ಭಾರ. ಹಿಡಿಗೆ ಅದು ಶೋಭಿಸೀತು. ಯಾವ ಮರವನ್ನಾದರೂ ಡಿಪೊದಲ್ಲಿ ಕೊಳ್ಳಬೇಕೇ ಹೊರತು ಕಾಡಿನಿಂದ ತರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಆಗಬೇಕಾದ ಕೆಲಸ

ಕೊರಿಯಾದಲ್ಲಿ ಕಸುಬುದಾರ ಉಳಿದ, ವಿದ್ಯೆಯೂ ಉಳಿಯಿತು. ತುರ್ಕಿಯಲ್ಲಿ ಕಸುಬು ನಿಂತುಹೋಗಿದ್ದರೂ ಕಾನಿಯ ಗ್ರಂಥವಿತ್ತು; ಮತ್ತೆ ಮಾಡುವವರಿಗೆ ಅದು ದಾರಿ ತೋರಿಸಿತು. ನಮ್ಮಲ್ಲಿ ಹಳೆಯ ಬಿಲ್ಲುಗಳು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಇವೆ. ಅವುಗಳ ಮೇಲಿನ ಚಿನ್ನದ ಬಳ್ಳಿಯೂ ಅರಗಿನ ಬಣ್ಣವೂ ಕಾಣುತ್ತವೆ. ಒಳಗಿನ ಮರ ಕಾಣುವುದಿಲ್ಲ. ಆ ಮರವನ್ನು ಆರಿಸಿದವನ ಕಣ್ಣು ಮಾತ್ರ ಪೂರ್ತಿ ಇಲ್ಲವಾಗಿಲ್ಲ. ಕಾವು, ಈಸು, ಮೂಕಿಗಳನ್ನು ಮಾಡುವ ನಮ್ಮ ಹಳ್ಳಿಗಳ ಬಡಗಿಗಳಲ್ಲಿ ಅದು ಇನ್ನೂ ಇದೆ. ಕಬ್ಬಿಣದ ಕೊಳವೆಯ ಕಾವುಗಳೂ ಟ್ರಾಕ್ಟರುಗಳೂ ಬಂದಂತೆ ಅದಕ್ಕೆ ಕೆಲಸ ಕಡಿಮೆಯಾಗುತ್ತಿದೆ; ಕಲಿಯುವವರೂ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ನಮ್ಮ ಕಾಲೇಜಿನ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯ ಬಡಗಿಯನ್ನು ಕಂಡು, ಯಾವ ಕೆಲಸಕ್ಕೆ ಯಾವ ಮರ, ಅದನ್ನು ಯಾವಾಗ ಕಡಿಯಬೇಕು, ಹೇಗೆ ಒಣಗಿಸಬೇಕು, ಯಾವ ಗುರುತಿನಿಂದ ಬೇಡವೆನ್ನಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಬರಬೇಕು. ಜೊತೆಗೆ ಗೇಣುದ್ದದ ಒಂದು ಮರದ ತುಣುಕನ್ನು, ಊರಿನ ಹೆಸರನ್ನೂ ಮರದ ಹೆಸರನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ತರಬೇಕು. ನಮ್ಮ ಗ್ರಂಥಾಲಯದ ಒಂದು ಬೀರು ಇದಕ್ಕೆ ಸಾಕು. ತೂಕವನ್ನೂ ಬಾಗುವಿಕೆಯನ್ನೂ ಅಳೆಯಲು ತಕ್ಕಡಿ, ಅಡಿಪಟ್ಟಿ, ಒಂದಿಷ್ಟು ತೂಕದ ಬಟ್ಟುಗಳು ಇದ್ದರಾಯಿತು. ಜಾರಿಕೆಯ ಬಲವನ್ನು ಅಳೆಯಲು ಯಂತ್ರ ಬೇಕು. ಬೆಂಗಳೂರಿನಲ್ಲಿ ಮರವಿಜ್ಞಾನದ ಸಂಸ್ಥೆಯಿದೆ, ಅಧ್ಯಾಪಕರ ಮೂಲಕ ಅಲ್ಲಿಗೆ ಬರೆದು ಕೇಳಬಹುದು.

ಈ ಬೀರುವಿಗೆ ಮೊದಲ ತುಣುಕು ನಮ್ಮ ತಂದೆಯವರು ಆರಿಸಿಕೊಟ್ಟ ತಡಸಲು. ಅದರ ಎಳೆಯನ್ನು ಮಸಿಯಿಂದಲೂ ಸೀಳಿನಿಂದಲೂ ನೋಡಿದ್ದಾಗಿದೆ, ಎರಡೂ ನೇರವಾಗಿವೆ. ಎರಡನೆಯ ತುಣುಕನ್ನು ಯಾರು ತರುವರೆಂದು ಎದುರುನೋಡುತ್ತಿದ್ದೇನೆ.